ಮನಸ್ಸು ಬರುವ ತನಕ ಕಾಯಬೇಡಿ

ಡಿಪ್ರೆಶನ್ ಇರುವ ಗಂಡಸು ಡಾಕ್ಟರ ಎದುರು ಕೂತು "ನನಗೆ ತುಂಬಾ ದುಃಖ ಆಗ್ತಿದೆ" ಅಂತ ಹೇಳುವುದು ಕಡಿಮೆ. ನಿದ್ದೆ ಬರ್ತಿಲ್ಲ ಅನ್ನುತ್ತಾನೆ. ಬೆನ್ನು ನೋವು, ತಲೆನೋವು, ಹೊಟ್ಟೆ ಉರಿ ಅನ್ನುತ್ತಾನೆ. ಮನೆಯಲ್ಲಿ ಸುಮ್ಸುಮ್ನೆ ರೇಗಾಡ್ತೀನಂತೆ ಅನ್ನುತ್ತಾನೆ. ಕುಡಿತ ಸ್ವಲ್ಪ ಜಾಸ್ತಿ ಆಗಿದೆ ಅನ್ನುವುದನ್ನು ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು ಹೇಳುತ್ತಾನೆ. ಇನ್ನೂ ಸ್ವಲ್ಪ ಕೇಳಿದರೆ ಕೊನೆಗೆ ಒಂದು ಮಾತು ಬರುತ್ತದೆ: "ಏನು ಮಾಡೋಕೂ ಮನಸ್ಸೇ ಬರ್ತಿಲ್ಲ ಡಾಕ್ಟ್ರೇ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಚಿಕಿತ್ಸೆ ಶುರುವಾಗುವುದು ಇಲ್ಲಿಂದಲೇ.

ಗಂಡಸರ ಖಿನ್ನತೆ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ ಅನ್ನುವುದು ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ ಎದ್ದು ಕಂಡಿತು. 1980ರ ದಶಕದಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆಯನ್ನು ಗುರುತಿಸುವ ತರಬೇತಿ ಕೊಟ್ಟರು. ಫಲ ಚೆನ್ನಾಗಿಯೇ ಬಂತು, ಆತ್ಮಹತ್ಯೆಗಳು ಇಳಿದವು. ಆದರೆ ಲೆಕ್ಕ ಬಿಡಿಸಿ ನೋಡಿದಾಗ ಇಳಿದದ್ದು ಹೆಂಗಸರಲ್ಲಿ ಮಾತ್ರ. ಗಂಡಸರ ಸಾವು ಹೆಚ್ಚುಕಡಿಮೆ ಹಾಗೇ ಇತ್ತು. ವೈದ್ಯರು ಹುಡುಕುತ್ತಿದ್ದದ್ದು ಅಳು, ದುಃಖ, ತಪ್ಪಿತಸ್ಥ ಭಾವನೆ. ಗಂಡಸರಲ್ಲಿ ಕಾಯಿಲೆ ಬೇರೆ ವೇಷದಲ್ಲಿತ್ತು: ಸಿಟ್ಟು, ಕುಡಿತ, ಮಿತಿಮೀರಿದ ಕೆಲಸ, ಯಾರ ಸಹವಾಸವೂ ಬೇಡ ಅನ್ನುವ ಬೇಸರ. ಕೆಲಸದ ನೇತೃತ್ವ ವಹಿಸಿದ್ದ ವೋಲ್ಫ್‌ಗಾಂಗ್ ರುಟ್ಜ್ ಮತ್ತು ಸಂಗಡಿಗರು ಮುಂದೆ ಗಂಡಸರಿಗೆಂದೇ ಬೇರೆ ಪ್ರಶ್ನಾವಳಿ ಮಾಡಿದರು.

2013ರಲ್ಲಿ ಅಮೆರಿಕದ ಸಂಶೋಧಕರು ದೊಡ್ಡ ಸಮೀಕ್ಷೆಯೊಂದರ ಮಾಹಿತಿಯನ್ನು ಹೊಸದಾಗಿ ಎಣಿಸಿದರು. ಮಾಮೂಲಿ ಲಕ್ಷಣಗಳ ಜೊತೆಗೆ ಸಿಟ್ಟು, ಕುಡಿತ, ಅಪಾಯಕ್ಕೆ ಕೈಹಾಕುವ ಚಾಳಿ ಎಲ್ಲವನ್ನೂ ಸೇರಿಸಿದಾಗ ಖಿನ್ನತೆಯ ಪ್ರಮಾಣ ಗಂಡಸರಲ್ಲಿ ಶೇ. 30.6, ಹೆಂಗಸರಲ್ಲಿ ಶೇ. 33.3 ಬಂತು. ಹೆಚ್ಚುಕಡಿಮೆ ಸಮ! ಹೆಂಗಸರಲ್ಲಿ ಖಿನ್ನತೆ ಎರಡು ಪಟ್ಟು ಅಂತ ನಾವು ಓದುತ್ತಾ ಬಂದಿದ್ದೇವೆ. ಆದರೆ ಇಡೀ ಜಗತ್ತಿನ ಲೆಕ್ಕ ತೆಗೆದರೆ ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರೇ ಸುಮಾರು ಎರಡು ಪಟ್ಟು. ಈ ಎರಡೂ ಲೆಕ್ಕ ಒಟ್ಟಿಗೆ ಕೂರುವುದಿಲ್ಲ ಅಲ್ವಾ? ಎಣಿಕೆಗೆ ಸಿಗದೆ ಉಳಿದವರು ಯಾರೋ ಇದ್ದಾರೆ.

ಇದಕ್ಕೆ ಹಳೆಯ ಬೇರು ಇದೆ. ಹಿಸ್ಟೀರಿಯಾ ಅನ್ನುವ ಪದ ಹುಟ್ಟಿದ್ದೇ ಗರ್ಭಕೋಶ ಅನ್ನುವ ಅರ್ಥದ ಗ್ರೀಕ್ ಪದದಿಂದ. ಮನಸ್ಸು ಕೆಡುವುದು ಹೆಂಗಸರ ಕಾಯಿಲೆ ಅಂತಲೇ ಶತಮಾನಗಟ್ಟಲೆ ನಂಬಿದ್ದರು. ಮೊದಲ ಮಹಾಯುದ್ಧದಲ್ಲಿ ಆ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು. ಗಟ್ಟಿಮುಟ್ಟಾದ ಸೈನಿಕರು ಮಾತು ನಿಂತು, ಕೈಕಾಲು ನಡುಗುತ್ತಾ ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನುವ ವೈದ್ಯ ಇದನ್ನು ‘ಶೆಲ್ ಶಾಕ್’ ಅಂತ ಬರೆದರು. ಶೆಲ್ ಅಂದರೆ ಫಿರಂಗಿ ಗುಂಡು. ಅದು ಸಿಡಿದ ಹೊಡೆತಕ್ಕೆ ಮೆದುಳು ಅಲುಗಿರಬೇಕು ಅಂತ ಮೊದಲು ಅಂದುಕೊಂಡರು. ಆದರೆ ಶೆಲ್ ಹತ್ತಿರವೂ ಸುಳಿಯದವರಿಗೂ ಹಾಗೇ ಆಗಿತ್ತು. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಲೂಯಿಸ್ ಯೀಲಂಡ್ ಅನ್ನುವ ವೈದ್ಯ ಮಾತು ನಿಂತವರ ಗಂಟಲಿಗೆ ಕರೆಂಟು ಕೊಟ್ಟು ಮಾತಾಡಿಸುತ್ತಿದ್ದರು. ಗಂಡಸಾಗಿ ಹೀಗಾಡ್ತೀಯಾ ಅನ್ನುವ ಧೋರಣೆ ಅದು.

ಎಡಿನ್‌ಬರ್ಗ್ ಹತ್ತಿರದ ಕ್ರೇಗ್‌ಲಾಕಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಅನ್ನುವ ವೈದ್ಯ ಬೇರೆ ದಾರಿ ಹಿಡಿದರು. (1901-02ರಲ್ಲಿ ನೀಲಗಿರಿಗೆ ಬಂದು ತೋಡ ಬುಡಕಟ್ಟಿನ ಜನರ ಜೀವನವನ್ನು ಅಧ್ಯಯನ ಮಾಡಿದ್ದು ಇದೇ ರಿವರ್ಸ್. ಜನರ ಮಾತನ್ನು ತಾಳ್ಮೆಯಿಂದ ಕೇಳುವುದು ಅವರಿಗೆ ಮೊದಲೇ ಗೊತ್ತಿತ್ತು.) ಎಲ್ಲರೂ ಸೈನಿಕರಿಗೆ "ಮರೆತುಬಿಡು, ಅದನ್ನೆಲ್ಲ ಯೋಚಿಸಬೇಡ" ಅನ್ನುತ್ತಿದ್ದರು. ಹಗಲೆಲ್ಲ ಒತ್ತಿಟ್ಟದ್ದು ರಾತ್ರಿ ಕೆಟ್ಟ ಕನಸಾಗಿ ಏಳುತ್ತದೆ ಅನ್ನುವುದನ್ನು ರಿವರ್ಸ್ ಗಮನಿಸಿದರು. ನಡೆದದ್ದನ್ನು ನೆನೆದು ಮಾತಾಡಲು ಅವರಿಗೆ ಜಾಗ ಮಾಡಿಕೊಟ್ಟರು. ನೂರು ವರ್ಷ ದಾಟಿತು. ಇವತ್ತಿಗೂ ಜನ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವುದನ್ನೇ ಔಷಧಿ ಅಂತ ಕೊಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಾತು ಬೇಕು, ನಿಜ. ಆದರೆ ಥೆರಪಿ ಅಂದರೆ ಎದುರುಬದುರು ಕೂತು ಒಳಗಿದ್ದದ್ದೆಲ್ಲ ಹೇಳಿ ಅತ್ತು ಬರುವುದು ಅಂತ ತಿಳಿದು ಎಷ್ಟೋ ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ಅವರಿಗೆ ನಾನು ಹೇಳಬೇಕೆಂದಿರುವುದು ಬಿಹೇವಿಯರಲ್ ಆಕ್ಟಿವೇಶನ್ ಬಗ್ಗೆ. ಹೆಸರು ಉದ್ದ, ವಿಷಯ ಸರಳ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ. ಮೊದಲು ಸ್ವಲ್ಪ ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ.

1973ರಲ್ಲಿ ಚಾರ್ಲ್ಸ್ ಫರ್ಸ್ಟರ್ ಅನ್ನುವ ಮನಶ್ಶಾಸ್ತ್ರಜ್ಞ ಇದಕ್ಕೆ ಬುನಾದಿ ಹಾಕಿದರು. ಖಿನ್ನತೆಗೆ ಬಿದ್ದವರು ದಿನವಿಡೀ ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಯಾವುದರಿಂದಲೋ ತಪ್ಪಿಸಿಕೊಳ್ಳುವಂಥವು ಎಂದರು. ಗೆಳೆಯನ ಫೋನ್ ಬಂತು, ಎತ್ತಲಿಲ್ಲ. ಆ ಕ್ಷಣಕ್ಕೆ ಹಗುರಾಯಿತು. ಮೆದುಳು ಆ ಹಗುರವನ್ನು ಕಲಿತುಕೊಳ್ಳುತ್ತದೆ, ಮುಂದಿನ ಸಲ ಫೋನ್ ಎತ್ತುವುದು ಇನ್ನೂ ಕಷ್ಟ. ಗೆಳೆಯ ಕರೆಯುವುದನ್ನೇ ಬಿಡುತ್ತಾನೆ. ದಿನದಲ್ಲಿ ಖುಷಿ ಕೊಡುವ ಜಾಗಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಖುಷಿ ಕಡಿಮೆಯಾದಷ್ಟು ಹುರುಪು ಕಡಿಮೆ, ಹುರುಪು ಕಡಿಮೆಯಾದಷ್ಟು ಹೊರಗೆ ಹೋಗುವುದು ಕಡಿಮೆ.

ಒಣಗಿದ ಕೈಪಂಪು ನೋಡಿದ್ದೀರಲ್ಲ? ಎಷ್ಟು ಒತ್ತಿದರೂ ಬರೀ ಗಾಳಿ. ಕೆಳಗೆ ನೀರಿಲ್ಲ ಅಂತಲ್ಲ, ವಾಷರ್ ಒಣಗಿರುತ್ತದೆ. ಮೇಲಿಂದ ಒಂದು ಚೊಂಬು ನೀರು ಹಾಕಿ ಒತ್ತಿದರೆ ಅದು ನೆನೆದು ಹಿಡಿತ ಸಿಗುತ್ತದೆ, ಕೆಳಗಿನ ನೀರು ಮೇಲೆ ಬರುತ್ತದೆ. ಈ ಥೆರಪಿ ಆ ಒಂದು ಚೊಂಬು ನೀರು. ಇನ್ನೊಂದು ರೀತಿ ನೋಡಿ. ಮುರಿದ ಕೈಗೆ ಪ್ಲಾಸ್ಟರ್ ಹಾಕಿ ಆರು ವಾರ ಅಲುಗಿಸದೆ ಇಟ್ಟರೆ ಮೂಳೆ ಕೂಡುತ್ತದೆ, ಆದರೆ ಮಾಂಸಖಂಡ ಸೊರಗುತ್ತದೆ. ಶಕ್ತಿ ಬಂದ ಮೇಲೆ ಎತ್ತುತ್ತೇನೆ ಅಂದರೆ ಶಕ್ತಿ ಬರುವುದೇ ಇಲ್ಲ. ಎತ್ತುತ್ತಾ ಎತ್ತುತ್ತಾ ಬರಬೇಕು. ಮೊದಲ ದಿನ ಹತ್ತು ಕೇಜಿ ಕೊಡುವ ಫಿಸಿಯೋಥೆರಪಿಸ್ಟ್ ಇಲ್ಲ, ಮೆತ್ತನೆ ಚೆಂಡು ಕೊಟ್ಟು ಹಿಸುಕು ಅನ್ನುತ್ತಾರೆ. "ಏಳು, ಸೋಮಾರಿ" ಅಂತ ಬೈಯುವುದಕ್ಕೂ ಈ ಚಿಕಿತ್ಸೆಗೂ ಇರುವ ವ್ಯತ್ಯಾಸ ಆ ಮೆತ್ತನೆ ಚೆಂಡೇ.

ಇಷ್ಟು ಸರಳವಾದದ್ದು ಕೆಲಸ ಮಾಡುತ್ತದಾ? 1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಸಹೋದ್ಯೋಗಿಗಳು ಸುಮಾರು 150 ಜನರ ಮೇಲೆ ಇದನ್ನು ಒರೆಗೆ ಹಚ್ಚಿದರು. ಆ ಹೊತ್ತಿಗೆ ಏರನ್ ಬೆಕ್ ರೂಪಿಸಿದ ಕಾಗ್ನಿಟಿವ್ ಥೆರಪಿ ಹೆಸರು ಮಾಡಿತ್ತು. ತಪ್ಪು ಯೋಚನೆಗಳನ್ನು ಹಿಡಿದು ಪರೀಕ್ಷೆ ಮಾಡುವ ವಿಧಾನ ಅದು. ಅದರಲ್ಲಿ ಚಟುವಟಿಕೆಯ ಭಾಗವೂ ಒಂದಿತ್ತು. ಒಂದು ಗುಂಪಿಗೆ ಆ ಭಾಗವನ್ನಷ್ಟೇ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ಥೆರಪಿ ಕೊಟ್ಟರು. ಎರಡೂ ಸಮವಾಗಿ ಕೆಲಸ ಮಾಡಿದವು. 2016ರಲ್ಲಿ ಬ್ರಿಟನ್ನಿನಲ್ಲಿ 440 ಜನರ ಮೇಲೆ ನಡೆದ ಕೋಬ್ರಾ ಅನ್ನುವ ಅಧ್ಯಯನದಲ್ಲಿ, ಹೆಚ್ಚು ಅನುಭವವಿಲ್ಲದ ಕಿರಿಯ ಸಿಬ್ಬಂದಿ ಕೊಟ್ಟ ಈ ಚಿಕಿತ್ಸೆ ಪಳಗಿದ ಥೆರಪಿಸ್ಟ್‌ಗಳು ಕೊಟ್ಟ ಸಿಬಿಟಿಗೆ (ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಥೆರಪಿ) ಸಮ ನಿಂತಿತು. ಖರ್ಚೂ ಕಡಿಮೆ.

ಗಂಡಸರಿಗೆ ಇದು ಹೊಂದುತ್ತದೆ ಅಂತ ನಾನು ಹೇಳುವುದಕ್ಕೆ ಕಾರಣ, ಇಲ್ಲಿ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಗಂಟೆಗೊಂದು ಸಾಲು. ಆ ಗಂಟೆ ಏನು ಮಾಡಿದೆ, ಖುಷಿ ಎಷ್ಟು, ‘ಏನೋ ಸಾಧಿಸಿದೆ’ ಅನ್ನಿಸಿದ್ದು ಎಷ್ಟು, ಹತ್ತಕ್ಕೆ ಅಂಕ. ಭಾವನೆಗೆ ಪದ ಹುಡುಕಿ ಸಿಗದವರೂ ಅಂಕ ಬರೆಯಬಲ್ಲರು. ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುವವರ ಹಾಳೆಯಲ್ಲಿ ಸಾಲುಗಳೆಲ್ಲ ತುಂಬಿದ್ದು ಅಂಕಗಳೆಲ್ಲ ಸೊನ್ನೆ ಇರಬಹುದು. ಆಗ ಆ ದುಡಿಮೆಯೂ ತಪ್ಪಿಸಿಕೊಳ್ಳುವ ದಾರಿಯಾ ಅಂತ ಕೇಳಬೇಕಾಗುತ್ತದೆ. ಕುಡಿತವಂತೂ ಹಾಗೇ.

ಎಲ್ಲರಿಗೂ ಹಾಳೆಯೊಂದೇ ಸಾಕು ಅಂತಲ್ಲ. ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗಬಹುದು, ಅದಕ್ಕೆ ನಾಚಿಕೆ ಬೇಡ. ಸಾಯುವ ಯೋಚನೆ ಬರುತ್ತಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಅಥವಾ ತುರ್ತು ಚಿಕಿತ್ಸೆಗೆ ಹೋಗಬೇಕು, ಒಬ್ಬರನ್ನೇ ಬಿಡಬಾರದು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ಸುಳ್ಳು. ಕೇಳಿ.

ಹಾಳೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಬ್ಬರನ್ನು ಊಹಿಸಿಕೊಳ್ಳೋಣ. ಐವತ್ತರ ಹತ್ತಿರದವರು. ಮೊದಲ ವಾರದ ಹಾಳೆ ತುಂಬಾ ‘ಮೊಬೈಲ್’, ‘ಮಲಗಿದ್ದೆ’, ‘ಏನೂ ಇಲ್ಲ’. ಅಂಕ ಸೊನ್ನೆ, ಒಂದು, ಸೊನ್ನೆ. ಗುರುವಾರ ಸಂಜೆ ಐದರ ಸಾಲಿನಲ್ಲಿ ಮಾತ್ರ ಮೂರು. ಥೆರಪಿಸ್ಟ್ ಅಲ್ಲೇ ಬೆರಳಿಡುತ್ತಾರೆ.

"ಇದೇನ್ ಸರ್, ಇಲ್ಲಿ ಮೂರು?"

"ಅದಾ... ಮಗನ ಸೈಕಲ್ ಚೈನ್‌ಗೆ ಎಣ್ಣೆ ಬಿಟ್ಟೆ ಮೇಡಂ. ಐದು ನಿಮಿಷದ ಕೆಲಸ."

ಮುಂದಿನ ವಾರಕ್ಕೆ ಆ ಐದು ನಿಮಿಷವೇ ಹದಿನೈದಾಗುತ್ತದೆ. ದಿನ, ಹೊತ್ತು ಎರಡನ್ನೂ ಬರೆದಿಡುತ್ತಾರೆ. ಶುರು ಮಾಡುವ ಮೊದಲು ಎಷ್ಟು ಅಂಕ ಬರಬಹುದು ಅಂತ ಅಂದಾಜನ್ನೂ ಬರೆದಿಡಬೇಕು. ಮೂರನೇ ವಾರ ಅವರು ಹಾಳೆ ಮಡಚಿಕೊಂಡು ಬರುತ್ತಾರೆ.

"ಮನಸ್ಸೇನೂ ಇರಲಿಲ್ಲ ಮೇಡಂ. ಬರ್ಕೊಂಡಿದ್ವಲ್ಲ ಅಂತ ಮಾಡ್ದೆ."

"ಅಂದಾಜು ಎಷ್ಟು ಬರೆದಿದ್ರಿ?"

"ಒಂದು."

"ಬಂದಿದ್ದು?"

"ಐದು." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ, "ಹಿಂದಿನ ಬ್ರೇಕ್ ಸರಿಯಾಗಿ ಹಿಡಿತಿಲ್ಲ. ಭಾನುವಾರ ನೋಡ್ಬೇಕು."