ಸುಡಾನ್ ಯುದ್ಧದ ಪತ್ರಿಕಾ ಚಿತ್ರಗಳು: ಕಂಡವರು ಯಾರು, ಕೊರೆದವರು ಯಾರು?

1884-85ರ ಸುಡಾನ್ ದಂಡಯಾತ್ರೆಯ ಪಾಠದಲ್ಲಿ ಬರುವ ಚಿತ್ರಗಳಲ್ಲಿ ಹೆಚ್ಚಿನವು ಲಂಡನ್ನಿನ ಎರಡು ವಾರಪತ್ರಿಕೆಗಳವು. ಒಂದು 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್, ಇನ್ನೊಂದು 1869ರ ದಿ ಗ್ರಾಫಿಕ್. ಸುಡಾನಿನ ಬಂಡಾಯದ ನಾಯಕ ಮಹ್ದಿಯ ಸೇನೆ ಖಾರ್ಟೂಮ್ ನಗರ ಮುತ್ತಿದ್ದು, ಒಳಗೆ ಸಿಕ್ಕಿಕೊಂಡ ಬ್ರಿಟಿಷ್ ಜನರಲ್ ಗಾರ್ಡನ್, ಅವರನ್ನು ಬಿಡಿಸಲು ಹೊರಟ ವೂಲ್ಸ್‌ಲಿಯ ಪಡೆ, ಇದೆಲ್ಲ ಪಠ್ಯದಲ್ಲೇ ಇದೆ. ತಲೆ ತಿನ್ನುವುದು ಚಿತ್ರ ಅಚ್ಚಾಗುವ ಬಗೆ: ಇವನ್ನು ಮರದಲ್ಲಿ ಕೊರೆದು ಅಚ್ಚು ಹಾಕುತ್ತಿದ್ದರು.

ಆಗ ಕ್ಯಾಮೆರಾ ಇತ್ತಲ್ವಾ, ಮತ್ತೆ ಮರದ ಅಚ್ಚು ಯಾಕೆ? ಉತ್ತರ ಅಚ್ಚುಮೊಳೆಯಲ್ಲಿದೆ. ಮೊಳೆಯ ಅಕ್ಷರ ಉಬ್ಬಿರುತ್ತದೆ, ಉಬ್ಬಿದ ಕಡೆಗೆ ಮಾತ್ರ ಮಸಿ ಹತ್ತುತ್ತದೆ. ಮರದ ಅಚ್ಚೂ ಹಾಗೆಯೇ. ಅದನ್ನು ಮೊಳೆಯಷ್ಟೇ ಎತ್ತರಕ್ಕೆ ಕತ್ತರಿಸಿದರೆ ಬರಹ, ಚಿತ್ರ ಎರಡೂ ಒಂದೇ ಸಲಕ್ಕೆ ಅಚ್ಚಾಗುತ್ತವೆ. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಕ್ಕೆ ಬೇರೆ ಯಂತ್ರ ಬೇಕು. ಫೋಟೋದ ಬೂದು ಛಾಯೆಗಳನ್ನು ಮೊಳೆಗಳ ಜೊತೆ ಅಚ್ಚು ಮಾಡುವ ವಿಧಾನ ಆಗಿನ್ನೂ ಪತ್ರಿಕೆಗಳಲ್ಲಿ ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ.

ಈಗ ಕಷ್ಟದ ಹೆಜ್ಜೆ, ನಿಧಾನವಾಗಿ ನೋಡಿ. ರಬ್ಬರ್ ಸೀಲಿನ ಅಕ್ಷರಗಳ ಹಾಗೆ ಮರದ ಮೇಲಿನ ಚಿತ್ರ ತಿರುಗುಮುರುಗಾಗಿರಬೇಕು. ರಣರಂಗದ ಸ್ಕೆಚ್‌ನಲ್ಲಿ ಒಂಟೆ ಬಲಕ್ಕೆ ಮುಖ ಮಾಡಿದ್ದರೆ, ಮರದ ಮೇಲೆ ಎಡಕ್ಕೆ. ಕಾಗದಕ್ಕೆ ಒತ್ತಿದಾಗ ಮತ್ತೆ ಬಲಕ್ಕೆ. ತಿರುಗಿಸುವುದು ಮರೆತರೆ ಸೈನಿಕರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದಿರುತ್ತಾರೆ. ಹಾಗಾಗಿ ಮೊದಲು ಕತ್ತಿ ಹಿಡಿದ ಕೈ, ಒರೆ ನೇತಾಡುವ ಪಕ್ಕ ನೋಡಿ.

ಬಳಸುತ್ತಿದ್ದದ್ದು ಬಾಕ್ಸ್‌ವುಡ್ ಮರದ ಅಡ್ಡ ಕೊಯ್ತ. ಅದರ ಕಾಂಡ ಸಣ್ಣದು, ಅಗಲವಾದ ಹಲಗೆ ಸಿಗುವುದಿಲ್ಲ. ಅದಕ್ಕೇ ಸಣ್ಣ ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಪೂರ್ತಿ ಚಿತ್ರ ಬರೆದು, ಮತ್ತೆ ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು ಕೊಡುತ್ತಿದ್ದರು. ಬಿಚ್ಚುವ ಮುಂಚೆ ಮುಖ್ಯ ಕೆತ್ತನೆಗಾರ ಸೇರುವ ಅಂಚುಗಳಲ್ಲಿ ಗೆರೆಗಳನ್ನು ತಾನೇ ಕೊರೆದಿಡುತ್ತಿದ್ದ, ಕೊನೆಗೆ ಎಲ್ಲ ಕೂಡಿಕೊಳ್ಳಲಿ ಅಂತ. ಎಷ್ಟು ಚೆಂದದ ಉಪಾಯ! ಆದರೂ ಕೆಲವು ಪುಟಗಳಲ್ಲಿ ಆಕಾಶವನ್ನು ಸೀಳುವ ನೆಟ್ಟನೆಯ ಕೂದಲೆಳೆ ಬಿಳಿ ಗೆರೆ ಕಾಣುತ್ತದೆ. ಅದು ಜೋಡಣೆಯ ಸಂದು. ಅದರ ಆಚೆಯ ಮರಳು, ಈಚೆಯ ಮರಳು ಬೇರೆ ಬೇರೆ ಕೈಯವು ಆಗಿರಬಹುದು.

ಪರೀಕ್ಷೆಗೆ ನನ್ನ ನೆಚ್ಚಿನ ದಾರಿ: ಮೊದಲು ಚಿತ್ರದ ಕೆಳಗಿನ ಸಾಲು ಓದಿ. 'ನಮ್ಮ ವಿಶೇಷ ಚಿತ್ರಕಾರರ ಸ್ಕೆಚ್‌ನಿಂದ' ಎಂದಿದ್ದರೆ ಮೆಲ್ಟನ್ ಪ್ರಯರ್ ಅಥವಾ ಫ್ರೆಡರಿಕ್ ವಿಲಿಯರ್ಸ್ ಅಂಥವರು ಸ್ಥಳದಿಂದ ಕಳಿಸಿದ್ದು. ಆಗಲೂ ಲಂಡನ್ನಿನಲ್ಲಿ ಇನ್ನೊಬ್ಬರು ತಿದ್ದಿ ಬರೆದಿರುತ್ತಾರೆ. ಕೇಟನ್ ವುಡ್‌ವಿಲ್ ಹೆಸರಿದ್ದರೆ ಅದು ಲಂಡನ್ನಿನಲ್ಲೇ ಕೂತು ಕಟ್ಟಿದ ದೃಶ್ಯ ಇರಬಹುದು. ಸಂಚಿಕೆಯ ತಾರೀಕನ್ನೂ ನೋಡಿ. ಸುದ್ದಿ ತಂತಿಯಲ್ಲಿ ಓಡುತ್ತದೆ, ಸ್ಕೆಚ್ ಒಂಟೆ, ದೋಣಿ, ಹಡಗು ಹತ್ತಿ ವಾರಗಟ್ಟಲೆ ತಡವಾಗಿ ಬರುತ್ತದೆ. ಕದನವಾದ ಕೆಲವೇ ದಿನಗಳಲ್ಲಿ ಚಿತ್ರ ಬಂದಿದ್ದರೆ ಅದರ ಮೂಲ ತಂತಿ ಸುದ್ದಿ ಮತ್ತು ಕಲ್ಪನೆ.

1885ರ ಜನವರಿ 17ರ ಅಬು ಕ್ಲಿಯಾ ಕದನ ಒಳ್ಳೆಯ ಉದಾಹರಣೆ. ಅಲ್ಲಿ ಗಾರ್ಡ್ನರ್ ಮೆಷಿನ್ ಗನ್ ಜಾಮ್ ಆಗಿ ನಿಂತಿತು, ಬ್ರಿಟಿಷರ ಚೌಕಾಕಾರದ ವ್ಯೂಹ ಒಡೆಯಿತು, ಕರ್ನಲ್ ಬರ್ನಬಿ ಸತ್ತರು. ಮಹ್ದಿಯ ಕಡೆ ಸತ್ತವರು ಸುಮಾರು 1,100. ಇಂಥ ಚಿತ್ರಗಳಲ್ಲಿ ಯಾರಿಗೆ ಮುಖ ಬರೆದಿದ್ದಾರೆ, ಯಾರನ್ನು ಬರೀ ಗುಂಪಾಗಿ ಬಿಟ್ಟಿದ್ದಾರೆ ಎಂದು ಗಮನಿಸಿ. ನನಗೆ ಇದು ಇಡೀ ಪಾಠದ ಮುಖ್ಯ ಪ್ರಶ್ನೆ. ಜನವರಿ 26ರಂದು ಗಾರ್ಡನ್ ಸತ್ತಾಗ ಯಾವ ಪತ್ರಿಕಾ ಚಿತ್ರಕಾರನೂ ಅಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಶಾಂತವಾಗಿ ನಿಂತ ಗಾರ್ಡನ್, ಕೆಳಗೆ ಈಟಿ ಹಿಡಿದವರು: ಇದು ಊಹೆಯಿಂದ ಕಟ್ಟಿದ ದೃಶ್ಯ.

ನಮಗೆ ಹತ್ತಿರದ ಒಂದು ವಿಷಯ: ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್) ಪಡೆಯವರೂ 1885ರಲ್ಲಿ ಕೆಂಪು ಸಮುದ್ರದ ಸುವಾಕಿನ್‌ಗೆ ಹೋಗಿದ್ದರು. ಮಾರ್ಚ್ 22ರಂದು ಅದರ ಹತ್ತಿರದ ತೋಫ್ರೆಕ್‌ನಲ್ಲಿ ಮುಳ್ಳುಬೇಲಿ ಹಾಕುತ್ತಿದ್ದಾಗಲೇ ದಾಳಿಯಾಯಿತು. ಸುವಾಕಿನ್ ಚಿತ್ರ ಕೊಟ್ಟರೆ ಪೇಟ ಸುತ್ತಿದ ಸಿಪಾಯಿಗಳನ್ನು ಎಲ್ಲಿ ನಿಲ್ಲಿಸಿದ್ದಾರೆ, ಮುಂದೆಯೋ ಅಂಚಿನಲ್ಲೋ, ಅದನ್ನೂ ಉತ್ತರದಲ್ಲಿ ಬರೆಯಿರಿ.