ಪಂಪ್ ಎರಡು, ಗುಂಡಿ ಒಂದು

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಾರದ ವರ್ಷ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಅದಕ್ಕೆ ಕರೆಂಟ್ ಮೋಟಾರ್ ಇದೆ. ಕರೆಂಟ್ ಹೋದರೆ ಇರಲಿ ಅಂತ ಡೀಸೆಲ್ ಪಂಪ್ ಬೇರೆ. ಒಂದು ಮಾರ್ಚ್‌ನಲ್ಲಿ ಎರಡೂ ಒಂದೇ ದಿನ ನೀರೆತ್ತುವುದು ನಿಲ್ಲಿಸಿದವು. ಮೆಕ್ಯಾನಿಕ್ ಇಂಜಿನ್ ಬಿಚ್ಚಿ ನೋಡಿದರು, ಏನೂ ಕೆಟ್ಟಿರಲಿಲ್ಲ. ಕೊನೆಗೆ ಕೆರೆಗೆ ಇಳಿದರೆ ಎರಡರ ಫುಟ್‌ವಾಲ್ವೂ (ನೀರು ಹೀರುವ ಪೈಪಿನ ತುದಿಯ ಕವಾಟ) ಒಂದೇ ಗುಂಡಿಯಲ್ಲಿ, ಕೆಸರಿನೊಳಗೆ ಹೂತುಹೋಗಿದ್ದವು.

ಅಣುವಿದ್ಯುತ್ ಸ್ಥಾವರಗಳಲ್ಲಿ ಎಂಜಿನಿಯರ್‌ಗಳು ತುಂಬಾ ಹೆದರುವುದು ಇಂಥ ಗುಂಡಿಗೇ. ಕರೆಂಟ್ ಹೋದಾಗ ತಂಪು ನೀರಿನ ಪಂಪ್ ಓಡಿಸುವ ಒಂದು ಜನರೇಟರ್ 100 ಸಲಕ್ಕೆ ಒಂದು ಸಲ ಸ್ಟಾರ್ಟ್ ಆಗುವುದಿಲ್ಲ ಅಂತಿಟ್ಟುಕೊಳ್ಳಿ. ಅಂಥವು ಎರಡಿದ್ದರೆ ಎರಡೂ ಒಟ್ಟಿಗೆ ಕೆಡುವುದು 10,000ಕ್ಕೆ ಒಂದು ಸಲ, ಅಲ್ವಾ? ಒಂದರ ರೋಗಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ ಮಾತ್ರ ಈ ಲೆಕ್ಕ ಸರಿ. ಕೆಡುವ ಹತ್ತು ಸಲದಲ್ಲಿ ಒಂದು ಸಲ ಎರಡಕ್ಕೂ ತಗಲುವ ಕಾರಣವಿದ್ದರೂ ಸಾಕು, ಅದು ಸುಮಾರು 1,000ಕ್ಕೆ ಒಂದಾಗುತ್ತದೆ. ಹತ್ತರಲ್ಲಿ ಒಂದು ಅನ್ನುವ ಈ ಪಾಲಿಗೆ ಬೀಟಾ ಅಂತ ಹೆಸರು. ಅದೇ ಥರದ್ದು ಮೂರನೆಯದು, ನಾಲ್ಕನೆಯದು ತಂದಿಟ್ಟರೂ ಆ ಸಾವಿರ ಜಾಸ್ತಿ ಬದಲಾಗುವುದಿಲ್ಲ.

ನಮ್ಮ ದೇಶದಲ್ಲೇ ಆಗಿದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಅಲಗು ಮುರಿದು ಬೆಂಕಿ ಬಿತ್ತು. ತುರ್ತು ವಿದ್ಯುತ್ತಿನ ಕೇಬಲ್‌ಗಳೂ ಅದರಲ್ಲೇ ಸುಟ್ಟವು. ಸುಮಾರು 17 ಗಂಟೆ ಘಟಕಕ್ಕೆ ಕರೆಂಟೇ ಇರಲಿಲ್ಲ. ಸಿಬ್ಬಂದಿ ಬೆಂಕಿ ಆರಿಸುವ ಡೀಸೆಲ್ ಪಂಪ್‌ಗಳಿಂದ ನೀರು ಹಾಯಿಸಿ ಕಾಪಾಡಿದರು.

ಜಪಾನಿನ ಫುಕುಶಿಮಾ ಅಣುಸ್ಥಾವರದ 2011ರ ದುರಂತದ ಒಂದು ವಿವರ ನನ್ನನ್ನು ಇವತ್ತಿಗೂ ಕಾಡುತ್ತದೆ. ಸುನಾಮಿ ಬಂದಾಗ 2 ಮತ್ತು 4ನೇ ಘಟಕಗಳ ತಲಾ ಒಂದು ಜನರೇಟರ್, ಗಾಳಿಯಿಂದ ತಣ್ಣಗಾಗುವಂಥದ್ದು, ಮುಳುಗಲೇ ಇಲ್ಲ. ಆದರೆ ಅವುಗಳ ಕರೆಂಟ್ ಹಂಚುವ ಸ್ವಿಚ್ ಬೋರ್ಡ್‌ಗಳು ನೆಲಮಾಳಿಗೆಯಲ್ಲಿದ್ದವು. ನೀರು ಅಲ್ಲಿ ತುಂಬಿತು. ಯಂತ್ರ ಚೆನ್ನಾಗಿದ್ದೂ ಉಪಯೋಗಕ್ಕೆ ಬರಲಿಲ್ಲ.

ಇಂಥದ್ದನ್ನು ಹುಡುಕುವುದು ಹೇಗೆ? ನಕ್ಷೆ ಹಿಡಿದು ಪ್ರತಿ ಪಂಪಿನಿಂದ ಹಿಂದಕ್ಕೆ ನಡೆಯುತ್ತಾ ಹೋಗಬೇಕು: ಕರೆಂಟ್ ಎಲ್ಲಿಂದ, ತಂಪು ನೀರು ಎಲ್ಲಿಂದ, ಯಾವ ಕೋಣೆ, ಯಾವ ಎತ್ತರ. ಆಮೇಲೆ ಮನುಷ್ಯರ ಕಡೆ ಬರಬೇಕು, ಸುಮ್ನೆ ಬಿಡುವ ಹಾಗಿಲ್ಲ, ಯಾಕೆಂದರೆ ಒಬ್ಬನೇ ಒಂದೇ ದಿನ ಎಲ್ಲ ಮೀಟರ್‌ಗಳನ್ನೂ ಹೊಂದಿಸಿದರೆ ಅವನ ಒಂದು ತಪ್ಪು ಎಲ್ಲದರಲ್ಲೂ ಕೂರುತ್ತದೆ. ಅದಕ್ಕೇ ಬೇರೆ ದಿನ, ಬೇರೆ ತಂಡ, ಸಾಧ್ಯವಾದರೆ ಬೇರೆ ಕಂಪನಿಯ ಯಂತ್ರ.

ನಾವೂ ಡೀಸೆಲ್ ಪಂಪಿನ ಫುಟ್‌ವಾಲ್ವನ್ನು ಕೆರೆಯ ಆಚೆ ದಡಕ್ಕೆ ಹಾಕಿದ್ದೇವೆ. ಕೆರೆ ಮಾತ್ರ ಈಗಲೂ ಒಂದೇ.