ಕುರಿಗೆ ನೀಲಿ ನಾಲಿಗೆ, ವೈರಸ್ ಪಕ್ಕದ ಕೊಟ್ಟಿಗೆಯಲ್ಲಿ

ಹಿಂಗಾರು ಹಿಡಿಯುವ ಹೊತ್ತಿಗೆ ಬಯಲುಸೀಮೆಯ ಕುರಿಹಟ್ಟಿಗಳಲ್ಲಿ ಒಂದೊಂದೇ ಕುರಿ ಮೇವು ಬಿಡತೊಡಗುತ್ತದೆ. ಮೈ ಕಾದು, ತುಟಿ ಊದಿ, ಬಾಯಿ ಹುಣ್ಣಾಗಿ ಜೊಲ್ಲು ಸುರಿಸುತ್ತದೆ. ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತದೆ. ಇದೇ ನೀಲಿ ನಾಲಿಗೆ ರೋಗ; ಆದರೆ ನಾಲಿಗೆ ನೀಲಿಯಾಗುವುದು ಕೆಲವಕ್ಕೆ ಮಾತ್ರ. ಅದನ್ನೇ ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಮಾರಿ ಮುನಿದಳೆಂದು ಹರಕೆ ಹೊರುವವರಿದ್ದಾರೆ. ಎಂಜಲು ತಾಗಿ ಬಂತೆಂದು ಕಾಯಿಲೆ ಕುರಿಯನ್ನು ದೂರ ಕಟ್ಟಿ ನಿಶ್ಚಿಂತರಾಗುವವರೂ ಇದ್ದಾರೆ. ಎರಡರಿಂದಲೂ ರೋಗ ನಿಲ್ಲದು. ಇದನ್ನು ತರುವ ವೈರಸ್ ಸಾಮಾನ್ಯವಾಗಿ ಕುರಿಯಿಂದ ಕುರಿಗೆ ನೇರವಾಗಿ ದಾಟುವುದೇ ಇಲ್ಲ, ನಡುವೆ ಒಂದು ನೊರಜು ಬೇಕು.

ಕ್ಯುಲಿಕಾಯ್ಡಿಸ್ ಎಂಬ ಈ ನೊರಜು ಒಂದರಿಂದ ಮೂರು ಮಿಲಿಮೀಟರ್ ಉದ್ದ, ಮಾಮೂಲಿ ಸೊಳ್ಳೆಪರದೆಯ ಕಣ್ಣಲ್ಲೂ ನುಸುಳುವಷ್ಟು ಸಣ್ಣದು. ಮೊಟ್ಟೆ ಕಟ್ಟಲು ರಕ್ತ ಬೇಕಾದ್ದರಿಂದ ಕಚ್ಚುವುದು ಹೆಣ್ಣು ಮಾತ್ರ. ಸೋಂಕಿನ ರಕ್ತ ಹೀರಿದ ಕೂಡಲೇ ಅದು ರೋಗ ಹರಡಲಾರದು. ವೈರಸ್ ಅದರ ಕರುಳಿನ ಗೋಡೆ ದಾಟಬೇಕು, ಮೈಯೊಳಗೆ ಹೆಚ್ಚಬೇಕು, ಜೊಲ್ಲಿನ ಗ್ರಂಥಿ ಮುಟ್ಟಬೇಕು. ಅಷ್ಟರವರೆಗೆ ನೊರಜು ಬದುಕಿರಬೇಕು! ಅದರ ಆಯಸ್ಸೋ ಕೆಲವೇ ವಾರ. ಹವೆ ಬೆಚ್ಚಗಿದ್ದರೆ ಈ ಪಯಣ ಬೇಗ ಮುಗಿಯುತ್ತದೆ; ತಣ್ಣಗಿದ್ದರೆ ವೈರಸ್ ದಡ ಸೇರುವ ಮೊದಲೇ ದೋಣಿ ಮುಳುಗಿರುತ್ತದೆ. ಸುಮಾರು 12 ಡಿಗ್ರಿಗಿಂತ ಕೆಳಗೆ ವೈರಸ್ ಬೆಳೆಯುವುದೇ ಇಲ್ಲ. ದಖ್ಖನ್ನಿನ ಚಳಿ ಅಷ್ಟು ಕೆಳಗೆ ದಿನಗಟ್ಟಲೆ ಇಳಿಯುವುದು ಅಪರೂಪ. ಮಳೆ ಬಂದು ನೆಲ ತೊಯ್ದರೆ ನೊರಜಿನ ಮರಿಹುಳುಗಳಿಗೆ ಬೇಕಾದ ಸಗಣಿ ಬೆರೆತ ಕೆಸರೂ ಸಿದ್ಧ.

ದನಗಳನ್ನು ಯಾರೂ ಅನುಮಾನಿಸುವುದಿಲ್ಲವಲ್ಲ, ನನಗೆ ಚಿಂತೆ ಅಲ್ಲೇ. ಸೋಂಕು ತಗುಲಿದ ಹಸು ಹೆಚ್ಚಾಗಿ ಚೆನ್ನಾಗಿಯೇ ಮೇಯುತ್ತದೆ, ಹಾಲು ಕೊಡುತ್ತದೆ. ರಕ್ತದಲ್ಲಿ ಮಾತ್ರ ವಾರಗಟ್ಟಲೆ ವೈರಸ್ ಇಟ್ಟುಕೊಂಡಿರುತ್ತದೆ. ಆಡಿನಲ್ಲೂ ಬಹುಪಾಲು ಹೀಗೆಯೇ. ಹಾಗಾಗಿ ಕೊಟ್ಟಿಗೆಗೆ ಅಂಟಿಕೊಂಡ ರೊಪ್ಪ, ಕೆರೆಯಂಚಿನಲ್ಲಿ ರಾತ್ರಿ ತರುಬಿದ ಮಂದೆ, ಈ ವೈರಸ್ಸಿನ ಪರಿಚಯವೇ ಇಲ್ಲದ ಊರಿಂದ ತಂದ ಹೊಸ ಕುರಿ ಹೆಚ್ಚು ಅಪಾಯದಲ್ಲಿರುತ್ತವೆ.

ದಕ್ಷಿಣ ಆಫ್ರಿಕಾಕ್ಕೆ ಯುರೋಪಿನಿಂದ ಮೆರಿನೋ ಕುರಿ ಬಂದಾಗಲೇ ಈ ರೋಗ ಎದ್ದು ಕಂಡದ್ದು. ಅಲ್ಲಿನ ನಾಟಿ ಕುರಿಗಳು ಅದನ್ನು ತಾಳಿಕೊಂಡಿದ್ದವು. ರೋಗ ಹರಡುವುದು ಕ್ಯುಲಿಕಾಯ್ಡಿಸ್ ಎಂದು ಅಲ್ಲಿಯ ಸಂಶೋಧಕ ಡು ಟಾಯ್ಟ್ 1944ರಲ್ಲಿ ತೋರಿಸಿದರು. ಅದಕ್ಕೂ ಬಹಳ ಹಿಂದೆಯೇ ಅಲ್ಲಿನ ರೈತರು ಕತ್ತಲಾಗುವ ಮೊದಲು ಕುರಿಗಳನ್ನು ತಗ್ಗಿನ ಹುಲ್ಲುಗಾವಲಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ನೊರಜು ಹೆಚ್ಚು ಕಚ್ಚುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ನಮ್ಮಲ್ಲಿ ಮಾತ್ರ ನಾಟಿ ತಳಿಯೆಂಬ ಭರವಸೆ ಸಾಲದು, ದಕ್ಷಿಣ ಭಾರತದಲ್ಲಿ ನಾಟಿ ಕುರಿಗಳೇ ಸಾಯುತ್ತವೆ.

ವೈರಸ್ಸಿನ ಬಗೆಗಳು 24ಕ್ಕೂ ಹೆಚ್ಚು. ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದನ್ನು ಸರಿಯಾಗಿ ತಡೆಯದು. ಭಾರತದ ಲಸಿಕೆಯಲ್ಲಿ 1, 2, 10, 16, 23 ಎಂಬ ಐದು ಬಗೆಗಳಿವೆ. ಶಕ್ತಿ ಮೂಡಲು ವಾರಗಳು ಹಿಡಿಯುವುದರಿಂದ ಅದನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು.